ಕಂಪ್ಯೂಟರ್ ಮಾಲೀಕರದು, ಪಾಸ್‌ವರ್ಡ್ ಮತ್ತೊಬ್ಬರದು

ಸಂಪಾದಕರಿಗೆ,

ಮಾನ್ಯರೇ,

ಸೈಬರ್ ವಂಚನೆಯ ಸುದ್ದಿ ಇಲ್ಲದ ದಿನಪತ್ರಿಕೆಯನ್ನು ಈಗ ಕಾಣುವುದೇ ಅಪರೂಪ. ನಿವೃತ್ತ ನೌಕರರನ್ನು ‘ಡಿಜಿಟಲ್ ಅರೆಸ್ಟ್’ ಹೆಸರಿನಲ್ಲಿ ಬೆದರಿಸಿ ಹಣ ಕಿತ್ತುಕೊಂಡದ್ದು, ಷೇರು ಹೂಡಿಕೆಯ ಆಮಿಷ ತೋರಿಸಿ ಮೋಸ ಮಾಡಿದ್ದು ಎಲ್ಲವೂ ವರದಿಯಾಗುತ್ತಿವೆ. ಅದರಿಂದ ಜನರೂ ಅಷ್ಟಿಷ್ಟು ಎಚ್ಚರಗೊಂಡಿದ್ದಾರೆ. ಆದರೆ ಹತ್ತು ಹದಿನೈದು ಜನ ದುಡಿಯುವ ವರ್ಕ್‌ಶಾಪು, ಎಪಿಎಂಸಿಯ ದಲಾಲಿ ಅಂಗಡಿ, ಔಷಧಗಳ ಸಗಟು ಮಳಿಗೆ, ಮುದ್ರಣಾಲಯ, ಸಣ್ಣ ನರ್ಸಿಂಗ್ ಹೋಮು ಇಂಥ ಕಡೆಗಳ ಕಂಪ್ಯೂಟರುಗಳಿಗೆ ಬೀಳುತ್ತಿರುವ ಪೆಟ್ಟು ಸುದ್ದಿಯಾಗುವುದಿಲ್ಲ. ಗಿರಾಕಿಗಳ ನಂಬಿಕೆ ಹೋದೀತು ಎಂಬ ಅಂಜಿಕೆಯಿಂದಲೋ, ಬ್ಯಾಂಕಿನವರು ಸಿ.ಸಿ. (ಕ್ಯಾಶ್ ಕ್ರೆಡಿಟ್) ಸಾಲದ ಮಿತಿಯನ್ನು ಇಳಿಸಿಯಾರು ಎಂಬ ಸಂಶಯದಿಂದಲೋ ಮಾಲೀಕರು ಬಾಯಿ ಬಿಡುವುದಿಲ್ಲ. ಹುಬ್ಬಳ್ಳಿ-ಧಾರವಾಡದ ಸಣ್ಣ ಕಾರ್ಖಾನೆ ಮತ್ತು ಅಂಗಡಿಗಳ ಕಂಪ್ಯೂಟರ್ ವ್ಯವಸ್ಥೆಯನ್ನು ನೋಡಿಕೊಳ್ಳುವುದೇ ನನ್ನ ಜೀವನೋಪಾಯ. ಆ ಕೆಲಸದಲ್ಲಿ ಕಣ್ಣಾರೆ ಕಂಡದ್ದನ್ನು ನಿಮ್ಮ ಓದುಗರ ಮುಂದೆ, ಅದರಲ್ಲೂ ಉದ್ಯಮಿಗಳ ಸಂಘಗಳ ಮತ್ತು ಸರ್ಕಾರದ ಮುಂದೆ ಇಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಇಂಥ ಸಂಸ್ಥೆಗಳಿಗೆ ಸುರಕ್ಷತೆ ಎಂದರೆ ವರ್ಷಕ್ಕೊಮ್ಮೆ ಕೊಂಡುಕೊಳ್ಳುವ ಆಂಟಿವೈರಸ್ ಎಂಬ ಭಾವನೆ ಬಲವಾಗಿದೆ. ಅದು ಬೇಕು, ನಿಜ. ಆದರೆ ನಾನು ನೋಡಿದ ಹೆಚ್ಚಿನ ಅನಾಹುತಗಳ ಹಿಂದೆ ಇದ್ದ ಕಾರಣ ಒಂದೇ: ಸಂಸ್ಥೆಯ ಡಿಜಿಟಲ್ ಆಸ್ತಿ ಯಾರ ಹೆಸರಿನಲ್ಲಿದೆ, ಯಾರ ಕೈಯಲ್ಲಿದೆ ಎಂಬುದು ಮಾಲೀಕರಿಗೇ ಗೊತ್ತಿರಲಿಲ್ಲ. ಸಂಸ್ಥೆಯ ಜಿಮೇಲ್ ಖಾತೆಯನ್ನು ಎಂದೋ ಕೆಲಸ ಬಿಟ್ಟ ಗುಮಾಸ್ತರು ತಮ್ಮ ಮೊಬೈಲ್ ಸಂಖ್ಯೆ ಕೊಟ್ಟು ತೆರೆದಿರುತ್ತಾರೆ. ಪಾಸ್‌ವರ್ಡ್ ಮರೆತರೆ ಹೊಸದನ್ನು ಪಡೆಯುವ ಒಟಿಪಿ ಇಂದಿಗೂ ಅವರಿಗೇ ಹೋಗುತ್ತದೆ. ವೆಬ್‌ಸೈಟಿನ ಡೊಮೈನ್ ಹೆಸರು ಅದನ್ನು ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿ ನೋಂದಣಿಯಾಗಿರುತ್ತದೆ. ಮಾಲೀಕರ ಡಿಜಿಟಲ್ ಸಿಗ್ನೇಚರ್ ಇರುವ ಯುಎಸ್‌ಬಿ ಟೋಕನ್ ಆಡಿಟರ್ ಕಚೇರಿಯ ಡ್ರಾಯರಿನಲ್ಲಿ, ಪಿನ್ ಬರೆದ ಚೀಟಿಯ ಸಮೇತ ಬಿದ್ದಿರುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಆ ಸಹಿಗೆ ಕೈಬರಹದ ಸಹಿಯಷ್ಟೇ ಬೆಲೆ ಇದೆ. ಖಾಲಿ ಚೆಕ್ಕಿಗೆ ಸಹಿ ಹಾಕಿ ಮತ್ತೊಬ್ಬರ ಬಳಿ ಬಿಡಲು ಒಪ್ಪದ ವ್ಯಾಪಾರಸ್ಥರು ಇದಕ್ಕೆ ಮಾತ್ರ ಒಪ್ಪಿಬಿಡುತ್ತಾರೆ. ಆ ಗುಮಾಸ್ತರು, ಹುಡುಗರು, ಆಡಿಟರುಗಳೆಲ್ಲ ಅಪ್ರಾಮಾಣಿಕರು ಎಂದು ನಾನು ಹೇಳುತ್ತಿಲ್ಲ; ಬಹುಪಾಲು ಜನ ನಂಬಿಗಸ್ತರೇ. ಆದರೆ ಅವರ ಫೋನು ಕಳುವಾದರೆ, ಅವರ ಕಂಪ್ಯೂಟರಿಗೆ ವೈರಸ್ ಹತ್ತಿದರೆ, ಅವರು ಊರು ಬಿಟ್ಟರೆ ನಷ್ಟ ಅನುಭವಿಸುವವರು ಮಾಲೀಕರು.

ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದ ಒಂದು ಘಟಕದಲ್ಲಿ ನಡೆದದ್ದನ್ನು, ಹೆಸರು ಬಿಟ್ಟು, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಟ್ರ್ಯಾಕ್ಟರ್ ಬಿಡಿಭಾಗಗಳನ್ನು ತಯಾರಿಸಿ ದೊಡ್ಡ ಕಂಪನಿಗಳಿಗೆ ಪೂರೈಸುವ ವರ್ಕ್‌ಶಾಪು ಅದು. ಸೋಮವಾರ ಬೆಳಿಗ್ಗೆ ಲೆಕ್ಕ ಬರೆಯುವ ಹೆಣ್ಣುಮಗಳು ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್ ತೆರೆದಾಗ ಕಂಪನಿಯ ಹೆಸರೇ ಪಟ್ಟಿಯಲ್ಲಿ ಬರಲಿಲ್ಲ. ಡೇಟಾ ಫೋಲ್ಡರನ್ನು ನೋಡಿದರೆ ಪ್ರತಿಯೊಂದು ಕಡತದ ಹೆಸರಿನ ಕೊನೆಗೆ ಅರ್ಥವಿಲ್ಲದ ಅಕ್ಷರಗಳು ಸೇರಿಕೊಂಡಿದ್ದವು; ಪ್ರತಿ ಫೋಲ್ಡರಿನಲ್ಲಿಯೂ ಒಂದು ಪುಟ್ಟ ಟೆಕ್ಸ್ಟ್ ಫೈಲು. ನಿಮ್ಮ ಕಡತಗಳನ್ನೆಲ್ಲ ಲಾಕ್ ಮಾಡಿದ್ದೇವೆ, ಬಿಡಿಸಿಕೊಳ್ಳಬೇಕಾದರೆ ಬಿಟ್‌ಕಾಯಿನ್ ಮೂಲಕ ಹಣ ಕಳುಹಿಸಿ ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಬಿಡಿಭಾಗಗಳ ಡ್ರಾಯಿಂಗು, ಕೊಟೇಶನ್ನು, ಸಂಬಳದ ಪಟ್ಟಿ ಎಲ್ಲಕ್ಕೂ ಅದೇ ಗತಿಯಾಗಿತ್ತು. ‘ಬ್ಯಾಕಪ್’ ಎಂದು ಚೀಟಿ ಅಂಟಿಸಿದ್ದ ಪೆನ್‌ಡ್ರೈವ್ ಸಿಪಿಯು ಹಿಂಬದಿಗೆ ಹಗಲಿರುಳೂ ಚುಚ್ಚಿಕೊಂಡೇ ಇರುತ್ತಿದ್ದುದರಿಂದ ಅದರೊಳಗಿದ್ದ ಪ್ರತಿಯೂ ಉಳಿದಿರಲಿಲ್ಲ.

ಕಳ್ಳರು ಬಂದ ದಾರಿಯನ್ನು ಪತ್ತೆ ಮಾಡುವುದು ಕಷ್ಟವಾಗಲಿಲ್ಲ. ಮಾಲೀಕರು ರಾತ್ರಿ ಮನೆಯಲ್ಲಿ ಕುಳಿತು ಲೆಕ್ಕ ನೋಡಲು ಅನುಕೂಲವಾಗಲೆಂದು, ವಿಂಡೋಸಿನ ರಿಮೋಟ್ ಡೆಸ್ಕ್‌ಟಾಪ್ ಸೌಲಭ್ಯವನ್ನು ರೌಟರಿನ ಮೂಲಕ ನೇರವಾಗಿ ಇಂಟರ್ನೆಟ್ಟಿಗೆ ತೆರೆದಿಟ್ಟಿದ್ದರು. ಈ ಸೌಲಭ್ಯ ಬಳಸುವ ಪೋರ್ಟಿನ, ಎಂದರೆ ನೆಟ್‌ವರ್ಕಿನಿಂದ ಕಂಪ್ಯೂಟರಿನೊಳಗೆ ಬರುವ ಬಾಗಿಲಿನ, ಸಂಖ್ಯೆ 3389. ಜಗತ್ತಿನಾದ್ಯಂತ ಯಾವ ಯಾವ ವಿಳಾಸದಲ್ಲಿ ಈ ಪೋರ್ಟು ತೆರೆದಿದೆ ಎಂದು ಹುಡುಕಿ, ಸಾಮಾನ್ಯವಾಗಿ ಜನ ಇಡುವ ಪಾಸ್‌ವರ್ಡುಗಳನ್ನು ಒಂದರ ಹಿಂದೆ ಒಂದರಂತೆ ಹಾಕಿ ನೋಡುವ ಪ್ರೋಗ್ರಾಮುಗಳು ಬಿಡುವಿಲ್ಲದೆ ಓಡುತ್ತಿರುತ್ತವೆ. ಇಲ್ಲಿ ಯೂಸರ್ ಹೆಸರು ‘ಅಡ್ಮಿನ್’ ಎಂದಿತ್ತು, ಪಾಸ್‌ವರ್ಡು ಸಂಸ್ಥೆಯ ಹೆಸರಿನ ಮುಂದೆ 123. ಅದನ್ನು ಹೊಂದಿಸಿಕೊಟ್ಟಿದ್ದ ಸರ್ವಿಸ್ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ವರ್ಷಗಳೇ ಆಗಿದ್ದವು. ಅವನ ನಂತರ ಬಂದವನಿಗೆ ಹೀಗೊಂದು ದಾರಿ ತೆರೆದಿರುವುದೇ ತಿಳಿದಿರಲಿಲ್ಲ. ಆಂಟಿವೈರಸ್ ಇತ್ತು, ಅದಕ್ಕೆ ಹಣವನ್ನೂ ಕಟ್ಟಿದ್ದರು. ಆದರೆ ಕ್ರ್ಯಾಕ್ ಮಾಡಿದ ಒಂದು ಡ್ರಾಯಿಂಗ್ ಸಾಫ್ಟ್‌ವೇರ್ ಹಾಕುವಾಗ ಅಡ್ಡಿಯಾಗುತ್ತದೆ ಎಂದು ಅದನ್ನು ನಿಲ್ಲಿಸಿದವರು ಮತ್ತೆ ಚಾಲೂ ಮಾಡಿರಲಿಲ್ಲ.

ಮಾಲೀಕರು ಹಣ ಕೊಡಲಿಲ್ಲ. ಅದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ. ಕೊಟ್ಟರೂ ಕಡತ ಮರಳಿ ಬರುತ್ತದೆ ಎಂಬುದಕ್ಕೆ ಯಾವ ಖಾತರಿಯೂ ಇಲ್ಲ. ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ ಮತ್ತು ನೆದರ್ಲೆಂಡ್ಸ್ ಪೊಲೀಸರು ಖಾಸಗಿ ಕಂಪನಿಗಳೊಡನೆ ಸೇರಿ 2016ರಲ್ಲಿ ಆರಂಭಿಸಿದ ‘ನೋ ಮೋರ್ ರಾನ್ಸಮ್’ ಜಾಲತಾಣದಲ್ಲಿ ಹೀಗೆ ಕಡತಗಳನ್ನು ಲಾಕ್ ಮಾಡಿ ಹಣ ಕೇಳುವ ಕೆಲವು ಬಗೆಯ ರಾನ್ಸಮ್‌ವೇರ್‌ಗೆ ಉಚಿತ ಪರಿಹಾರ ಸಿಗುತ್ತದೆ. ಈ ಘಟಕಕ್ಕೆ ತಗಲಿದ್ದ ಬಗೆಗೆ ಮಾತ್ರ ಅಲ್ಲಿ ಪರಿಹಾರ ಇರಲಿಲ್ಲ. ಕೊನೆಗೆ ಲೆಕ್ಕವನ್ನು ಬೇರೆ ಮೂಲಗಳಿಂದ ಮತ್ತೆ ಕಟ್ಟಬೇಕಾಯಿತು. ಹಿಂದಿನ ಆರ್ಥಿಕ ವರ್ಷದ ಟ್ಯಾಲಿ ಪ್ರತಿ ಆಡಿಟರ್ ಕಚೇರಿಯಲ್ಲಿ ದೊರೆಯಿತು. ಏಪ್ರಿಲ್‌ನಿಂದ ಈಚಿನ ಮಾರಾಟದ ವಿವರವನ್ನು ಸಲ್ಲಿಸಿದ್ದ ಜಿಎಸ್‌ಟಿಆರ್-1ರಿಂದಲೂ, ಖರೀದಿಯ ವಿವರವನ್ನು ಜಿಎಸ್‌ಟಿಆರ್-2ಬಿಯಿಂದಲೂ, ಹಣದ ಓಡಾಟವನ್ನು ಬ್ಯಾಂಕ್ ಸ್ಟೇಟ್‌ಮೆಂಟಿನಿಂದಲೂ ತೆಗೆದು ಒಂದೊಂದಾಗಿ ನಮೂದಿಸಿದೆವು. ನಗದು ಖರ್ಚಿನ ವೋಚರುಗಳು ಮತ್ತು ಜಾಬ್‌ವರ್ಕಿಗೆಂದು ಹೊರಗೆ ಕಳುಹಿಸಿದ್ದ ಮಾಲಿನ ಲೆಕ್ಕ ಪೂರ್ತಿ ಸಿಗಲೇ ಇಲ್ಲ. ಡ್ರಾಯಿಂಗುಗಳ ಪೈಕಿ ಗಿರಾಕಿ ಕಂಪನಿಗೆ ಮೇಲ್ ಮಾಡಿದ್ದವು ಮಾತ್ರ ಉಳಿದವು. ತೆರಿಗೆ ಇಲಾಖೆಗೆ ಕಾಲಕಾಲಕ್ಕೆ ಸಲ್ಲಿಸಿದ ರಿಟರ್ನುಗಳೇ ಇಂಥ ಹೊತ್ತಿನಲ್ಲಿ ಕೈಹಿಡಿಯಬಲ್ಲವು ಎಂಬುದು ಬಹಳ ವ್ಯಾಪಾರಸ್ಥರಿಗೆ ತಿಳಿಯದು ಎಂದು ಇಷ್ಟು ವಿವರ ಬರೆದೆ.

ಈ ಘಟಕಕ್ಕೆ ಬೇಕಾಗಿದ್ದುದು ದುಬಾರಿ ಸಲಕರಣೆಯೇನೂ ಅಲ್ಲ. ಎರಡು ಹೊರ ಹಾರ್ಡ್‌ಡಿಸ್ಕುಗಳನ್ನು ವಾರ ಬಿಟ್ಟು ವಾರ ಬಳಸಿ, ಬ್ಯಾಕಪ್ ಮುಗಿದ ಕೂಡಲೇ ಕಂಪ್ಯೂಟರಿನಿಂದ ಕಿತ್ತು, ಒಂದನ್ನು ಕಚೇರಿಯ ಕಪಾಟಿನಲ್ಲಿ, ಇನ್ನೊಂದನ್ನು ಮನೆಯಲ್ಲಿ ಇಟ್ಟಿದ್ದರೆ ನಷ್ಟ ಹೆಚ್ಚೆಂದರೆ ಒಂದು ವಾರದ ಕೆಲಸದ್ದಾಗಿರುತ್ತಿತ್ತು. ಗೂಗಲ್ ಡ್ರೈವಿನಂಥ ಕಡೆ ಫೋಲ್ಡರನ್ನು ಸಿಂಕ್ ಮಾಡಿಟ್ಟರೆ ಸಾಕೆಂದು ಹಲವರು ನಂಬಿದ್ದಾರೆ. ಸಿಂಕ್ ಎಂದರೆ ಇಲ್ಲಿ ಆದ ಬದಲಾವಣೆ ಅಲ್ಲಿಯೂ ಆಗುವುದು. ಇಲ್ಲಿನ ಕಡತ ಲಾಕಾದರೆ ಲಾಕಾದ ಕಡತವೇ ಅಲ್ಲಿಗೂ ಹೋಗುತ್ತದೆ. ಹಳೆಯ ಆವೃತ್ತಿಯನ್ನು ಮರಳಿ ಪಡೆಯುವ ಸೌಲಭ್ಯ ಆ ಸೇವೆಗಳಲ್ಲಿದ್ದರೂ ಅದಕ್ಕೆ ಅವಧಿಯ ಮಿತಿ ಇರುತ್ತದೆ, ಮತ್ತು ಸಾವಿರಾರು ಕಡತಗಳನ್ನು ಹಾಗೆ ಬಿಡಿಸುವುದು ಸುಲಭದ ಮಾತಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ಮೂರು ತಿಂಗಳಿಗೊಮ್ಮೆಯಾದರೂ ಬ್ಯಾಕಪ್ಪಿನಿಂದ ಲೆಕ್ಕವನ್ನು ಬೇರೊಂದು ಕಂಪ್ಯೂಟರಿಗೆ ಇಳಿಸಿ, ತೆರೆದು, ಕಳೆದ ವಾರದ ಬಿಲ್ಲು ಅಲ್ಲಿದೆಯೇ ಎಂದು ನೋಡುವುದು. ಪ್ರತಿದಿನ ತಪ್ಪದೆ ಬ್ಯಾಕಪ್ ತೆಗೆಯುವ, ಆದರೆ ಒಮ್ಮೆಯೂ ಅದನ್ನು ತೆರೆದು ನೋಡದ ಕಚೇರಿಗಳು ನಮ್ಮಲ್ಲಿ ಬೇಕಾದಷ್ಟಿವೆ.

ಹಳೆಯ ವಿಂಡೋಸ್ ವಿಷಯದಲ್ಲಿ ಒಂದೆರಡು ಮಾತು. 2017ರ ಮೇ ತಿಂಗಳಿನಲ್ಲಿ ಜಗತ್ತನ್ನೇ ಕಾಡಿದ ‘ವಾನಾಕ್ರೈ’ ರಾನ್ಸಮ್‌ವೇರ್ ಬಳಸಿಕೊಂಡ ವಿಂಡೋಸ್ ದೋಷಕ್ಕೆ ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್‌ನಲ್ಲಿಯೇ ಪರಿಹಾರ ಬಿಡುಗಡೆ ಮಾಡಿತ್ತು. ಅಪ್‌ಡೇಟ್ ಹಾಕಿಕೊಂಡವರು ಪಾರಾದರು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಈಗ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಮ್ಮ ಅಂಗಡಿಗಳ ಬಿಲ್ಲಿಂಗ್ ಕಂಪ್ಯೂಟರುಗಳಲ್ಲಿ ಬಹಳಷ್ಟು ವಿಂಡೋಸ್ 11ನ್ನು ತಾಳುವಂಥವಲ್ಲ. ಎಲ್ಲವನ್ನೂ ಒಮ್ಮೆಲೇ ಬದಲಾಯಿಸಿ ಎಂದು ಹೇಳುವುದು ಸುಲಭ, ಮಾಡುವುದು ಕಷ್ಟ. ಆದ್ದರಿಂದ ಬ್ಯಾಂಕ್ ವ್ಯವಹಾರ ಮತ್ತು ಮೇಲ್ ನೋಡುವ ಕಂಪ್ಯೂಟರನ್ನು ಮೊದಲು ಬದಲಾಯಿಸಿ, ಹಳೆಯದನ್ನು ಇಂಟರ್ನೆಟ್ ಸಂಪರ್ಕವಿಲ್ಲದ ಕೆಲಸಕ್ಕೆ ಇಟ್ಟುಕೊಳ್ಳಲಿ. ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರಕ್ಕೆ ಜೋಡಿಸಿದ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಇನ್ನೂ ಹತ್ತು ವರ್ಷ ಓಡಲಿ, ತೊಂದರೆಯಿಲ್ಲ. ಅದಕ್ಕೆ ಕಚೇರಿಯ ನೆಟ್‌ವರ್ಕ್ ಕೇಬಲ್ ಮಾತ್ರ ಬೇಡ.

ಹಣ ನೇರವಾಗಿ ಹೋಗುವ ಇನ್ನೊಂದು ಬಗೆಯ ಮೋಸ ಕಾರ್ಖಾನೆಗಳಲ್ಲಿ ಹೆಚ್ಚುತ್ತಿದೆ, ಅದರ ಬಗ್ಗೆ ಹೊರಗೆ ಮಾತೇ ಇಲ್ಲ. ಮೇಲ್ ಖಾತೆಯ ಪಾಸ್‌ವರ್ಡ್ ಕದ್ದವರು ತಕ್ಷಣ ಏನೂ ಮಾಡುವುದಿಲ್ಲ. ಬರುವ ಮೇಲ್‌ಗಳ ಪ್ರತಿ ತಮಗೂ ತಲುಪುವಂತೆ ಖಾತೆಯ ಸೆಟಿಂಗ್ಸ್‌ನಲ್ಲಿ ಒಂದು ನಿಯಮ ಬರೆದಿಟ್ಟು ವಾರಗಟ್ಟಲೆ ಓದುತ್ತ ಕೂರುತ್ತಾರೆ. ಕೊಯಮತ್ತೂರಿನಿಂದ ಮೋಟಾರು, ರಾಜಕೋಟೆಯಿಂದ ಬೇರಿಂಗು ತರಿಸುವ ವ್ಯವಹಾರ ಇತ್ಯರ್ಥವಾಗಿ ಹಣ ಕಳುಹಿಸುವ ದಿನ ಹತ್ತಿರವಾದಾಗ, ಅದೇ ಬಿಲ್ಲು, ಅದೇ ಲೆಟರ್‌ಹೆಡ್ಡು, ಅದೇ ಸಹಿಯೊಂದಿಗೆ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂಬ ಮೇಲ್ ಬರುತ್ತದೆ. ಕಳುಹಿಸಿದವರ ವಿಳಾಸದಲ್ಲಿ ಒಂದೇ ಒಂದು ಅಕ್ಷರದ ವ್ಯತ್ಯಾಸ ಇರುತ್ತದೆ, ಅಥವಾ ಅದೂ ಇರುವುದಿಲ್ಲ. ಅಕೌಂಟೆಂಟ್ ಹೊಸ ಖಾತೆಯನ್ನು ಸೇರಿಸಿ ಆರ್‌ಟಿಜಿಎಸ್ ಮಾಡುತ್ತಾರೆ. ಹದಿನೈದು ದಿನಗಳ ನಂತರ ಪೂರೈಕೆದಾರರು ಫೋನು ಮಾಡಿ ಹಣ ಇನ್ನೂ ಬಂದಿಲ್ಲವಲ್ಲ ಎಂದು ಕೇಳಿದಾಗಲೇ ವಿಷಯ ಹೊರಬೀಳುವುದು.

ಇಲ್ಲಿ ಕಾನೂನಿನ ಒಂದು ಸೂಕ್ಷ್ಮವನ್ನು ವ್ಯಾಪಾರಸ್ಥರು ಅರಿಯಬೇಕು. ಅನಧಿಕೃತ ಎಲೆಕ್ಟ್ರಾನಿಕ್ ವ್ಯವಹಾರಗಳ ಬಗ್ಗೆ ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಬ್ಯಾಂಕಿನದೂ ಗ್ರಾಹಕರದೂ ಅಲ್ಲದ ಲೋಪದಿಂದ ಹಣ ಹೋಗಿದ್ದು, ಬ್ಯಾಂಕಿನಿಂದ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ಗ್ರಾಹಕರು ತಿಳಿಸಿದರೆ ಅವರ ಮೇಲೆ ನಷ್ಟದ ಹೊಣೆ ಬರುವುದಿಲ್ಲ. ಆದರೆ ಮೇಲೆ ಹೇಳಿದ ಪ್ರಸಂಗದಲ್ಲಿ ಹಣ ಕಳುಹಿಸಿದ್ದು ಸಂಸ್ಥೆಯವರೇ. ಅದು ಅಧಿಕೃತ ವ್ಯವಹಾರವಾಗಿಬಿಡುವುದರಿಂದ ಈ ರಕ್ಷಣೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಅದಕ್ಕಾಗಿಯೇ ಹಣ ಹೊರಡುವ ಮೊದಲಿನ ಕ್ಷಣ ಮುಖ್ಯ. ಆರ್‌ಟಿಜಿಎಸ್ ಮತ್ತು ನೆಫ್ಟ್ ಮಾಡುವಾಗ ಖಾತೆದಾರರ ಹೆಸರನ್ನು ಮೊದಲೇ ಪರಿಶೀಲಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಶುಲ್ಕವಿಲ್ಲದೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ಪೂರೈಕೆದಾರ ಸಂಸ್ಥೆಯ ಹೆಸರಿನ ಬದಲು ಯಾರದೋ ವೈಯಕ್ತಿಕ ಹೆಸರು ಕಂಡರೆ ಅಲ್ಲಿಗೇ ನಿಲ್ಲಿಸಬಹುದು. ಖಾತೆ ಬದಲಾಗಿದೆ ಎಂದು ಮೇಲ್‌ನಲ್ಲಿ ಬಂದ ಯಾವ ಮಾತನ್ನೂ, ಮೊದಲಿನಿಂದ ತಮ್ಮ ಬಳಿ ಇರುವ ಫೋನ್ ಸಂಖ್ಯೆಗೆ ಕರೆ ಮಾಡಿ, ಪರಿಚಿತ ದನಿಯಿಂದ ಕೇಳಿ ತಿಳಿಯದೆ ನಂಬಬಾರದು. ಮೇಲ್‌ನಲ್ಲಿಯೇ ಕೊಟ್ಟ ಹೊಸ ಸಂಖ್ಯೆಗೆ ಕರೆ ಮಾಡಿದರೆ ಎತ್ತುವವರು ಕಳ್ಳರೇ ಆಗಿರುತ್ತಾರೆ.

ಒಳ್ಳೆಯ ಉದ್ದೇಶದಿಂದ ತಂದ ಸುರಕ್ಷತಾ ಕ್ರಮವೂ ನೆಲದ ಮೇಲೆ ಹೇಗೆ ತಲೆಕೆಳಗಾಗುತ್ತದೆ ಎಂಬುದಕ್ಕೆ ಸರಕು ಸಾಗಿಸಲು ಜಿಎಸ್‌ಟಿಯಡಿ ಬೇಕಾದ ಇ-ವೇ ಬಿಲ್ಲಿನ ಒಟಿಪಿ ಒಂದು ಉದಾಹರಣೆ. ಇ-ವೇ ಬಿಲ್ ಮತ್ತು ಇ-ಇನ್‌ವಾಯ್ಸ್ ಜಾಲತಾಣಗಳಲ್ಲಿ ಪಾಸ್‌ವರ್ಡಿನ ಜೊತೆಗೆ ಒಟಿಪಿಯನ್ನೂ 2023ರಿಂದ ಹಂತ ಹಂತವಾಗಿ ಕಡ್ಡಾಯಗೊಳಿಸಿ, 2025ರ ಏಪ್ರಿಲ್ 1ರಿಂದ ಎಲ್ಲರಿಗೂ ಅನ್ವಯಿಸಲಾಯಿತು. ಅದು ಬೇಕಾಗಿದ್ದ ಕ್ರಮವೇ. ಆದರೆ ತಾರಿಹಾಳ ಕೈಗಾರಿಕಾ ಪ್ರದೇಶದ ಘಟಕದಲ್ಲಿ ಲಾರಿ ಲೋಡಾಗಿ ಗೇಟಿನಲ್ಲಿ ನಿಂತಿರುತ್ತದೆ, ಚಾಲಕ ಅವಸರ ಮಾಡುತ್ತಿರುತ್ತಾನೆ, ಒಟಿಪಿ ಹೋಗುವ ಫೋನು ಮದುವೆಯ ಮಂಟಪದಲ್ಲಿರುವ ಮಾಲೀಕರ ಜೇಬಿನಲ್ಲಿರುತ್ತದೆ. ಎರಡು ಸಲ ಹೀಗಾದ ಮೇಲೆ ಮಾಲೀಕರು ನೋಂದಾಯಿತ ಮೊಬೈಲ್ ಸಂಖ್ಯೆಯನ್ನೇ ಅಕೌಂಟೆಂಟರದ್ದಕ್ಕೆ ಬದಲಾಯಿಸಿಬಿಡುತ್ತಾರೆ. ಅಲ್ಲಿಗೆ ಸಂಸ್ಥೆಯ ಪೂರ್ಣ ಅಧಿಕಾರ ಕೈ ಬದಲಾದಂತೆ. ಇ-ವೇ ಬಿಲ್ ಜಾಲತಾಣದಲ್ಲಿ ನೌಕರರಿಗೆ ಉಪ-ಬಳಕೆದಾರರ ಖಾತೆ ತೆರೆದುಕೊಟ್ಟು, ಅವರವರ ಮೊಬೈಲಿಗೆ ಒಟಿಪಿ ಹೋಗುವಂತೆ ಮಾಡುವ ಸೌಲಭ್ಯ ಇದೆ. ನೌಕರರು ಕೆಲಸ ಬಿಟ್ಟ ದಿನ ಆ ಖಾತೆಯನ್ನು ಮಾತ್ರ ನಿಲ್ಲಿಸಿದರಾಯಿತು. ಹಲವು ಸಂಸ್ಥೆಗಳಲ್ಲಿ ಇದನ್ನು ನಾನು ತೋರಿಸಿಕೊಟ್ಟಿದ್ದೇನೆ. ಪ್ರತಿ ಬಾರಿಯೂ ‘ಹೀಗೊಂದು ದಾರಿ ಇದೆ ಎಂದು ಯಾರೂ ಹೇಳಲೇ ಇಲ್ಲ’ ಎಂಬ ಮಾತೇ ಕೇಳಿಬರುತ್ತದೆ.

ಆದ್ದರಿಂದ ಪ್ರತಿಯೊಬ್ಬ ಮಾಲೀಕರೂ ಒಂದು ನೋಂದಣಿ ಪುಸ್ತಕ ಇಡಲಿ ಎಂಬುದು ನನ್ನ ಮೊದಲ ವಿನಂತಿ. ಅದರಲ್ಲಿ ಪಾಸ್‌ವರ್ಡುಗಳನ್ನು ಬರೆಯುವುದು ಬೇಡ. ಯಾವ ಖಾತೆ, ಅದು ಯಾರ ಹೆಸರಿನಲ್ಲಿದೆ, ಯಾವ ಮೊಬೈಲ್ ಸಂಖ್ಯೆಗೆ ಜೋಡಣೆಯಾಗಿದೆ, ಸಂಸ್ಥೆಯಲ್ಲಿ ಯಾರು ಯಾರು ಬಳಸುತ್ತಾರೆ, ಕೊನೆಯ ಬಾರಿ ಪಾಸ್‌ವರ್ಡ್ ಬದಲಾಯಿಸಿದ್ದು ಯಾವಾಗ ಎಂಬುದಷ್ಟೇ ಸಾಕು. ಜಿಎಸ್‌ಟಿ, ಆದಾಯ ತೆರಿಗೆ, ಪಿಎಫ್, ಉದ್ಯಮ್ ನೋಂದಣಿ, ನೆಟ್ ಬ್ಯಾಂಕಿಂಗ್, ಮೇಲ್, ಡೊಮೈನ್, ವಾಟ್ಸ್‌ಆ್ಯಪ್ ಬಿಸಿನೆಸ್, ವೈಫೈ ರೌಟರ್, ಸಿಸಿಟಿವಿ ದೃಶ್ಯ ದಾಖಲಿಸುವ ಡಿವಿಆರ್ ಎಂದು ಬರೆಯುತ್ತ ಹೋದರೆ ಎರಡು ಪುಟ ತುಂಬುತ್ತದೆ. ಸಂಸ್ಥೆಯ ಹೆಸರಿನಲ್ಲಿಯೇ ಒಂದು ಸಿಮ್ ಪಡೆದು ಎಲ್ಲ ಖಾತೆಗಳನ್ನೂ ಕ್ರಮೇಣ ಅದಕ್ಕೆ ಜೋಡಿಸುವುದು ಮುಂದಿನ ಹೆಜ್ಜೆ. ಸಿಸಿಟಿವಿಯನ್ನು ಯಾಕೆ ಸೇರಿಸಿದೆ ಎಂದು ಕೆಲವರಿಗೆ ಅನ್ನಿಸಬಹುದು. ರಾಜಕೋಟೆಯ ಒಂದು ಹೆರಿಗೆ ಆಸ್ಪತ್ರೆಯ ಕ್ಯಾಮೆರಾ ದೃಶ್ಯಗಳು ಸೋರಿ ಮಾರಾಟಕ್ಕಿದ್ದುದು 2025ರಲ್ಲಿ ಬಯಲಾಯಿತು. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಬದಲಾಯಿಸದೆ ಬಿಟ್ಟದ್ದೇ ಅದಕ್ಕೆ ಕಾರಣ ಎಂದು ವರದಿಯಾಗಿತ್ತು. ನಮ್ಮ ಊರಿನ ಚಿಕಿತ್ಸಾಲಯಗಳಲ್ಲೂ ಬಟ್ಟೆ ಅಂಗಡಿಗಳಲ್ಲೂ ಅಂಥವೇ ಡಿವಿಆರ್‌ಗಳಿವೆ.

ತಾನು ಎಷ್ಟು ಜಾಗರೂಕನಾಗಿದ್ದರೂ ಸೇವೆ ಕೊಡುವವರ ಲೋಪದಿಂದ ತೊಂದರೆಗೆ ಸಿಗುವುದು ಇನ್ನೊಂದು ಸಂಕಟ. 2024ರ ಜುಲೈ ಕೊನೆಯಲ್ಲಿ ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಸೇವೆ ನೀಡುವ ಕಂಪನಿಯೊಂದರ ಮೇಲೆ ರಾನ್ಸಮ್‌ವೇರ್ ದಾಳಿಯಾದಾಗ, ರಾಷ್ಟ್ರೀಯ ಪಾವತಿ ನಿಗಮವು ಆ ಕಂಪನಿಯ ಸಂಪರ್ಕವನ್ನು ತಾತ್ಕಾಲಿಕವಾಗಿ ಕಡಿದುಹಾಕಿತು. ಅದರಿಂದಾಗಿ ದೇಶದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ ಸೇರಿದಂತೆ ಪಾವತಿ ಸೇವೆಗಳು ನಿಂತುಹೋದವು. ಬ್ಯಾಂಕುಗಳಿಗೇ ಹೀಗಾದರೆ, ಒಬ್ಬನೇ ಸರ್ವಿಸ್ ಹುಡುಗ ನಲವತ್ತು ಅಂಗಡಿಗಳ ಕಂಪ್ಯೂಟರುಗಳಿಗೆ ಎನಿಡೆಸ್ಕ್ ಎಂಬ, ದೂರದಿಂದ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರಿನ ಒಂದೇ ಪಾಸ್‌ವರ್ಡ್ ಇಟ್ಟುಕೊಂಡಿರುವ ನಮ್ಮ ಪೇಟೆಗಳಲ್ಲಿ ಏನಾಗಬಹುದು ಎಂದು ಯೋಚಿಸಬೇಕು. ನನ್ನ ಕಸುಬಿನವರಿಗೂ ಇದು ಹೇಳಲೇಬೇಕಾದ ಮಾತು: ಗಿರಾಕಿಯ ಕಂಪ್ಯೂಟರಿಗೆ ದೂರದಿಂದ ಪ್ರವೇಶಿಸುವ ಅನುಮತಿಯನ್ನು ಆಯಾ ಹೊತ್ತಿಗೆ ಕೇಳಿ ಪಡೆಯಬೇಕು, ಕೆಲಸ ಮುಗಿದ ಮೇಲೆ ಮುಚ್ಚಬೇಕು. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕಿಕೊಡುವುದನ್ನು ನಾವು ನಿಲ್ಲಿಸಿದರೆ ಅರ್ಧ ರೋಗ ವಾಸಿಯಾಗುತ್ತದೆ.

ಇನ್ನು ದೂರು ಕೊಡುವ ವಿಷಯ. ಹಣ ಹೋದದ್ದು ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ, ಆ ಹಣ ಖಾತೆಯಿಂದ ಖಾತೆಗೆ ದಾಟಿ ನಗದಾಗುವ ಮೊದಲೇ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಮನೆಯವರೊಡನೆ ಚರ್ಚಿಸಿ, ಆಡಿಟರನ್ನು ಕೇಳಿ ಮರುದಿನ ಹೋದರೆ ಆ ಸಾಧ್ಯತೆ ಬಹುತೇಕ ಕೈಜಾರಿರುತ್ತದೆ. ರಾನ್ಸಮ್‌ವೇರ್ ಆದಾಗ ಮೊದಲು ನೆಟ್‌ವರ್ಕ್ ಕೇಬಲ್ ಕಿತ್ತು, ವೈಫೈ ಆರಿಸಿ, ಪರದೆಯ ಫೋಟೊ ತೆಗೆದಿಟ್ಟುಕೊಳ್ಳಬೇಕು. ಗಾಬರಿಯಲ್ಲಿ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿಸಿದರೆ ಸಾಕ್ಷ್ಯವೂ ಹೋಯಿತು, ಮುಂದೆಂದಾದರೂ ಬಿಡಿಸಿಕೊಳ್ಳುವ ಆಸೆಯೂ ಹೋಯಿತು. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್‌ನ 2022ರ ಏಪ್ರಿಲ್‌ನ ನಿರ್ದೇಶನದಂತೆ ಇಂಥ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು, ಕಂಪ್ಯೂಟರ್ ವ್ಯವಸ್ಥೆಯ ಚಟುವಟಿಕೆ ದಾಖಲಾಗುವ ಲಾಗ್‌ಗಳನ್ನು 180 ದಿನ ಕಾಪಾಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ; ಗ್ರಾಹಕರ, ರೋಗಿಗಳ, ನೌಕರರ ಮಾಹಿತಿಯನ್ನು ಸೂಕ್ತವಾಗಿ ರಕ್ಷಿಸದಿದ್ದರೆ ಕಾಯ್ದೆಯಲ್ಲಿ ಹೇಳಿರುವ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಸಣ್ಣ ಅಂಗಡಿಗೆ ಅಷ್ಟು ದಂಡ ಬೀಳುತ್ತದೆ ಎಂದು ಹೆದರಿಸುವುದು ನನ್ನ ಉದ್ದೇಶವಲ್ಲ. ಆದರೆ ರೋಗಿಗಳ ವರದಿಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಪ್ರಯೋಗಾಲಯವೂ, ನೌಕರರ ಆಧಾರ್ ಪ್ರತಿಗಳನ್ನು ಡೆಸ್ಕ್‌ಟಾಪಿನ ಮೇಲೆ ಹರಡಿಕೊಂಡಿರುವ ಕಚೇರಿಯೂ ಈ ಕಾಯ್ದೆಯ ಹೊರಗೆ ಉಳಿಯುವುದಿಲ್ಲ.

ಇದನ್ನೆಲ್ಲ ಮಾಡಲು ನಮ್ಮಲ್ಲಿ ಜನರಿಲ್ಲ, ಹಣವಿಲ್ಲ ಎಂಬ ಮಾತನ್ನು ಬಹಳ ಕಡೆ ಕೇಳಿದ್ದೇನೆ; ಅದರಲ್ಲಿ ಸುಳ್ಳಿಲ್ಲ. ಹತ್ತು ಜನರ ಘಟಕ ತನ್ನದೇ ಆದ ಐಟಿ ನೌಕರರನ್ನು ಇಟ್ಟುಕೊಳ್ಳಲಾಗದು. ಹಾಗೆಂದು ಪ್ರತಿಯೊಬ್ಬರೂ ತಮಗೆ ಸಿಕ್ಕಿದವರಿಂದ ಸಿಕ್ಕಿದಂತೆ ರಿಪೇರಿ ಮಾಡಿಸಿಕೊಳ್ಳುತ್ತ ಹೋದರೆ ಪರಿಸ್ಥಿತಿ ಸುಧಾರಿಸುವುದಿಲ್ಲ. ಒಂದು ಕೈಗಾರಿಕಾ ವಸಾಹತಿನ 50 ಘಟಕಗಳು ಸೇರಿ ತಿಂಗಳಿಗೆ ತಲಾ ಒಂದು ಸಾವಿರ ರೂಪಾಯಿ ಹಾಕಿದರೆ 50 ಸಾವಿರ ರೂಪಾಯಿ ಆಗುತ್ತದೆ. ತರಬೇತಿ ಪಡೆದ ಇಬ್ಬರು ಯುವಕ-ಯುವತಿಯರನ್ನು ಸಂಘದ ಹೆಸರಿನಲ್ಲಿ ನೇಮಿಸಿಕೊಳ್ಳಲು ಅದು ಸಾಕು. ಬ್ಯಾಕಪ್ ಪರೀಕ್ಷಿಸುವುದು, ಅಪ್‌ಡೇಟ್ ನೋಡುವುದು, ಕೆಲಸ ಬಿಟ್ಟವರ ಖಾತೆ ಮುಚ್ಚಿಸುವುದು, ದಾಳಿಯಾದ ದಿನ ಮೊದಲು ಓಡಿ ಬರುವುದು ಅವರ ಕೆಲಸ. ನಮ್ಮ ಪಾಲಿಟೆಕ್ನಿಕ್ಕುಗಳಲ್ಲಿ ಓದಿ ಬೆಂಗಳೂರಿನ ಬಸ್ಸು ಹತ್ತುತ್ತಿರುವ ಮಕ್ಕಳಿಗೆ ಊರಿನಲ್ಲಿಯೇ ಗೌರವದ ಉದ್ಯೋಗವೂ ಆಗುತ್ತದೆ. ಕೇಂದ್ರ ಸರ್ಕಾರದ ಕಿರು ಮತ್ತು ಸಣ್ಣ ಉದ್ಯಮಗಳ ಕ್ಲಸ್ಟರ್ ಅಭಿವೃದ್ಧಿ ಯೋಜನೆಯಡಿ ಸಾಮಾನ್ಯ ಸೌಲಭ್ಯ ಕೇಂದ್ರಗಳಿಗೆ ಅನುದಾನ ದೊರೆಯುತ್ತದೆ. ಪರೀಕ್ಷಾ ಪ್ರಯೋಗಾಲಯ, ಟೂಲ್ ರೂಮ್ ಇಂಥವುಗಳ ಸಾಲಿಗೆ ಹಂಚಿಕೊಂಡ ಸೈಬರ್ ಸುರಕ್ಷತಾ ಸೇವೆಯನ್ನೂ ಸೇರಿಸಲು ರಾಜ್ಯದ ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾ, ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆ ಎಫ್‌ಕೆಸಿಸಿಐ ಮತ್ತು ಜಿಲ್ಲಾ ಮಟ್ಟದ ಸಂಘಗಳು ಒತ್ತಾಯಿಸಬೇಕು.

ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಆರಂಭವಾದದ್ದು ನಮ್ಮ ಬೆಂಗಳೂರಿನಲ್ಲಿ. ಇಂದು ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ ಸಿಇಎನ್ ಠಾಣೆಗಳಿವೆ. ಭಾರತೀಯ ವಿಜ್ಞಾನ ಸಂಸ್ಥೆಯ ನೆರವಿನಿಂದ ನಡೆಯುವ ‘ಸೈಸೆಕ್’ ಎಂಬ ಸೈಬರ್ ಭದ್ರತಾ ಉತ್ಕೃಷ್ಟತಾ ಕೇಂದ್ರವಿದೆ. 2024ರಲ್ಲಿ ರಾಜ್ಯದ ಸೈಬರ್ ಭದ್ರತಾ ನೀತಿಯೂ ಬಂದಿದೆ. ಇವುಗಳ ಪ್ರಯೋಜನ ಬೆಂಗಳೂರಿನ ನವೋದ್ಯಮಗಳನ್ನು ದಾಟಿ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗೂ, ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಗೂ, ಇಳಕಲ್ಲಿನ ಸೀರೆ ವ್ಯಾಪಾರಕ್ಕೂ ತಲುಪಬೇಕಾದರೆ ಕನ್ನಡದಲ್ಲಿ ಮಾತಾಡಬೇಕು. ಸಣ್ಣ ಉದ್ಯಮಗಳಿಗೆಂದೇ ಸರ್ಟ್-ಇನ್ 2025ರಲ್ಲಿ 15 ಮೂಲಭೂತ ರಕ್ಷಣಾ ಕ್ರಮಗಳ ದಾಖಲೆಯನ್ನು ಹೊರತಂದಿದೆ. ಅದನ್ನು ಲೆಕ್ಕ ಬರೆಯುವವರಿಗೆ ಅರ್ಥವಾಗುವ ಸರಳ ಕನ್ನಡಕ್ಕೆ ತಂದು, ಜಿಲ್ಲಾ ಕೈಗಾರಿಕಾ ಕೇಂದ್ರಗಳು ಮತ್ತು ಎಪಿಎಂಸಿ ಕಚೇರಿಗಳ ಮೂಲಕ ಹಂಚುವುದು ರಾಜ್ಯ ಸರ್ಕಾರಕ್ಕೆ ದೊಡ್ಡ ಖರ್ಚಿನ ಬಾಬತ್ತೇನಲ್ಲ. ಬ್ಯಾಂಕುಗಳು ಕೂಡ ಸಂಸ್ಥೆಗಳ ಚಾಲ್ತಿ ಖಾತೆ ತೆರೆಯುವಾಗಲೇ, ಒಬ್ಬರು ನಮೂದಿಸಿ ಇನ್ನೊಬ್ಬರು ಅನುಮೋದಿಸುವ ನೆಟ್ ಬ್ಯಾಂಕಿಂಗ್ ವ್ಯವಸ್ಥೆಯನ್ನು ತಾವಾಗಿಯೇ ಮಾಡಿಕೊಡಲಿ, ಬೇಡವೆನ್ನುವವರು ಬರೆದುಕೊಟ್ಟು ಬಿಡಿಸಿಕೊಳ್ಳಲಿ. ಈಗ ಕೇಳಿದವರಿಗಷ್ಟೇ ಸಿಗುವ ಈ ಸೌಲಭ್ಯದ ಬಗ್ಗೆ ಕೇಳಬೇಕು ಎಂಬುದೇ ಹೆಚ್ಚಿನವರಿಗೆ ತಿಳಿದಿಲ್ಲ.

ತಮ್ಮ ಪತ್ರಿಕೆ ವಾಣಿಜ್ಯ ಪುಟದಲ್ಲಿ ವಾರಕ್ಕೊಮ್ಮೆ ಸಣ್ಣ ಉದ್ಯಮಿಗಳ ಕಂಪ್ಯೂಟರ್ ಸಮಸ್ಯೆಗಳಿಗೆ ಜಾಗ ಕೊಡಬೇಕೆಂದೂ, ಪೆಟ್ಟು ತಿಂದವರು ಹೆಸರು ಹೇಳದೆ ತಮ್ಮ ಅನುಭವ ಬರೆಯಲು ಅವಕಾಶ ಮಾಡಿಕೊಡಬೇಕೆಂದೂ ಕೋರುತ್ತೇನೆ. ಹುಬ್ಬಳ್ಳಿ-ಧಾರವಾಡದ ಯಾವುದೇ ಉದ್ಯಮಿಗಳ ಸಂಘ ಹಂಚಿಕೆಯ ಸೇವೆಯನ್ನು ಆರಂಭಿಸಲು ಮುಂದೆ ಬಂದರೆ, ಮೇಲೆ ಹೇಳಿದ ನೋಂದಣಿ ಪುಸ್ತಕದ ಮಾದರಿಯನ್ನು ಕನ್ನಡದಲ್ಲಿ ಸಿದ್ಧಪಡಿಸಿಕೊಡಲು ಮತ್ತು ನೇಮಕವಾದವರಿಗೆ ಮೊದಲ ತರಬೇತಿಯನ್ನು ಶುಲ್ಕವಿಲ್ಲದೆ ಕೊಡಲು ನಾನು ಸಿದ್ಧನಿದ್ದೇನೆ.

ಇತಿ,
ತಮ್ಮ ಓದುಗ,
ಹುಬ್ಬಳ್ಳಿ